ಎರಡು ಅಂತ ಬರ್ಕೊಳ್ರಿ

ಟೆಕ್ಸಾಸ್‌ನಲ್ಲಿ ನಡೆಯುವ ಸಂಶೋಧನೆಗಳ ವಿಷಯ ನನಗೆ ಗೊತ್ತಿರುವಷ್ಟು ಯಾವ ಪ್ರೊಫೆಸರಿಗೂ ಗೊತ್ತಿರಲಾರದು. ಜಂಭಕ್ಕೆ ಹೇಳುತ್ತಿಲ್ಲ. ಅವರಿಗೆ ತಂತಮ್ಮ ಡಿಪಾರ್ಟ್‌ಮೆಂಟ್ ಬಿಟ್ಟರೆ ಪಕ್ಕದ ಕಟ್ಟಡದಲ್ಲಿ ಏನಾಗುತ್ತಿದೆ ಅನ್ನುವುದೇ ತಿಳಿದಿರುವುದಿಲ್ಲ. ನಾನಾದರೋ ಎರಡು ವರ್ಷದಿಂದ ಎಲ್ಲ ಕಟ್ಟಡಗಳ ಮುಂದೂ ಪಾರ್ಕಿಂಗ್ ಹುಡುಕಿಕೊಂಡು ಸುತ್ತಿದ್ದೇನೆ. ಇದಕ್ಕೆಲ್ಲ ಕಾರಣ ಗೋದಾವರಿಬಾಯಿ.

ಜಾರ್ಜ್‌ಟೌನ್‌ನ ನಮ್ಮ ಬೀದಿಯಲ್ಲಿ ನನ್ನ ಮನೆಯಿಂದ ಮೂರನೆಯದು ಅವರ ಮಗ ಪ್ರಹ್ಲಾದನ ಮನೆ. ಗೋದಾವರಿಬಾಯಿಗೆ ಎಪ್ಪತ್ತೆರಡು ವರ್ಷ. ಧಾರವಾಡದವರು. ಹೆಚ್ಚು ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು, ಸುಮ್ಮನೆ ಕೂರುವುದಂತೂ ಮೊದಲೇ ಬಾರದು. ನಾನು ಮೈಸೂರಿನ ನಳಿನಿ. ಡ್ಯಾಲಸ್ ಬಳಿಯ ಲಾಸ್ ಕೊಲಿನಾಸ್‌ನ ಆಫೀಸೊಂದರಲ್ಲಿ ಇಪ್ಪತ್ತೆಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡು, ರಿಟೈರ್ ಆದ ಮೇಲೆ ಗಂಡನೊಂದಿಗೆ ಇಲ್ಲಿಗೆ ಬಂದು ನೆಲೆಸಿದವಳು. ನಮ್ಮವರು ಹೋಗಿ ಮೂರು ವರ್ಷವಾಯಿತು. ಮನೆಯಲ್ಲಿ ದಿನಾ ಡಿಕಾಕ್ಷನ್ ಹಾಕುತ್ತಿದ್ದವರು ಅವರೇ. ಈಗ ನಾನು ಟೀ ಬ್ಯಾಗ್ ಅದ್ದಿಕೊಂಡು ಕುಡಿಯುತ್ತೇನೆ.

“ಮೈಸೂರವ್ರು ಚಾ ಕುಡಿಯೋದು ನೋಡ್ಲಿಕ್ಕೆ ಅಮೆರಿಕಾಕ್ಕ ಬರಬೇಕಾತು ನೋಡ್ರಿ,” ಎಂದು ಗೋದಾವರಿಬಾಯಿ ರೇಗಿಸುತ್ತಾರೆ. ಟೀ ಆರೋಗ್ಯಕ್ಕೆ ಒಳ್ಳೆಯದು ಎಂದು ನಾನು ವಾದಿಸುತ್ತೇನೆ.

ಶುರುವಾದದ್ದು ಊರಿನ ಲೈಬ್ರರಿಯ ನೋಟಿಸ್ ಬೋರ್ಡಿನಿಂದ. ಅರವತ್ತೈದು ದಾಟಿದವರು ಬೇಕಾಗಿದ್ದಾರೆ ಎಂದು ಯಾವುದೋ ಸಂಶೋಧನಾ ವಿದ್ಯಾರ್ಥಿ ಚೀಟಿ ಅಂಟಿಸಿದ್ದ. “ನಮ್ಮಂಥವ್ರು ಬೇಕಾಗ್ಯಾರ ಅಂತ ಯಾರರೆ ಬೋರ್ಡ್ ಹಾಕ್ತಾರೇನ್ರಿ? ನಡೀರಿ, ಹೋಗೂಣು,” ಎಂದರು ಗೋದಾವರಿಬಾಯಿ. ಹೋದೆವು. ಚಪ್ಪಾಳೆ ತಟ್ಟಿಸಿದರು, ಅಷ್ಟೇ. ವಯಸ್ಸಾದವರ ತಾಳಜ್ಞಾನದ ಮೇಲೆ ಸಂಗೀತ ವಿಭಾಗದ ಅಧ್ಯಯನವಂತೆ. ಅಲ್ಲಿಂದ ಹಿಡಿದ ಚಟ ಬಿಡಲಿಲ್ಲ. ಡ್ಯಾಲಸ್‌ನಲ್ಲಿ ರಸ್ತೆ ಎಂಜಿನಿಯರುಗಳು ದೊಡ್ಡ ಪರದೆಯ ಮುಂದೆ ನಿಲ್ಲಿಸಿ, ಕಾರುಗಳು ಓಡುತ್ತಿರುವಾಗ ಯಾವಾಗ ರಸ್ತೆ ದಾಟುತ್ತೀರಿ ಎಂದು ನೋಡಿದರು. ಗೋದಾವರಿಬಾಯಿ ಹನ್ನೊಂದು ನಿಮಿಷ ನಿಂತೇ ಇದ್ದರು. ಯಾಕೆ ದಾಟಲಿಲ್ಲ ಎಂದು ಕೇಳಿದರೆ, “ಅವರಿಗೆ ಏನು ಅವಸರ ಅದನೋ ಏನೋ, ಹೋಗ್ಲಿ ಬಿಡ್ರಿ, ನನಗೇನು ಆಫೀಸ್ ಅದನ?” ಎಂದರು. ಪರದೆಯ ಕಾರುಗಳಿಗೂ ದಾರಿ ಬಿಡುವ ಹೆಂಗಸು! ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವಷ್ಟರಲ್ಲಿ ಎಂಜಿನಿಯರ್ ಹುಡುಗ ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ.

ನನ್ನ ಮಗಳು ಶ್ರಾವಣಿ ಹ್ಯೂಸ್ಟನ್‌ನಲ್ಲಿರುವುದರಿಂದ ತಿಂಗಳಿಗೊಮ್ಮೆ ಅತ್ತ ಹೋಗುತ್ತೇನೆ. ಒಂದು ಸಲ ಇವರೂ ಜೊತೆಗೆ ಬಂದರು. ಅಲ್ಲೊಂದು ಲ್ಯಾಬಿನಲ್ಲಿ ಜೋಳದ ಹಿಟ್ಟಿನಿಂದ ಹೊಸ ಬಗೆಯ ರೊಟ್ಟಿ ಮಾಡಿ ರುಚಿ ನೋಡಿಸುತ್ತಿದ್ದರು. ಟೆಕ್ಸಾಸ್‌ನಲ್ಲಿ ಜೋಳ ಬೇಕಾದಷ್ಟು ಬೆಳೆಯುತ್ತಾರೆ, ಹೆಚ್ಚಿನದನ್ನು ದನಕ್ಕೆ ಹಾಕುತ್ತಾರೆ. ಆ ರೊಟ್ಟಿಯನ್ನು ನಾನೂ ಮುರಿದು ನೋಡಿದೆ, ರಟ್ಟು. ಗೋದಾವರಿಬಾಯಿ ಪೂರ್ತಿ ತಿಂದು ಒಂಬತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ಕಾರಿನಲ್ಲಿ ಕೂತ ಮೇಲೆ, “ಥೂ, ದನಾನೂ ಮೂಸೂದಿಲ್ರಿ ಅದನ್ನ,” ಎಂದರು.

“ಮತ್ತೆ ಒಂಬತ್ತು ಯಾಕೆ ಕೊಟ್ರಿ?”

“ಪಾಪ, ಆ ಹುಡುಗ ನಾಲ್ಕು ವರ್ಷದಿಂದ ಅದನ್ನ ಮಾಡ್ಲಿಕ್ಹತ್ಯಾನಂತ. ಉಣ್ಣಲಿಕ್ಕೆ ಕೊಟ್ಟವರಿಗೆ ಹೆಸರಿಡಬಾರದ್ರಿ.”

ನಾನು ದಾರಿಯುದ್ದಕ್ಕೂ ನಕ್ಕೆ. ಆವತ್ತು ನಗುವ ಬದಲು ಸ್ವಲ್ಪ ತಲೆ ಓಡಿಸಿದ್ದರೆ ಮುಂದಿನದು ಅಷ್ಟು ದೂರ ಹೋಗುತ್ತಿರಲಿಲ್ಲ.

ಸಂಶೋಧನೆ ಮಾಡುವ ಹುಡುಗ ಹುಡುಗಿಯರೆಂದರೆ ಅವರಿಗೆ ಇಂಥ ಕರುಳು ಯಾಕೆ ಎಂದರೆ, ಗಂಡ ತೀರಿಕೊಂಡ ಮೇಲೆ ಅವರು ಧಾರವಾಡದ ಸಪ್ತಾಪುರದಲ್ಲಿ ಇಪ್ಪತ್ತಾರು ವರ್ಷ ಖಾನಾವಳಿ ನಡೆಸಿದವರು. ಉಣ್ಣಲು ಬರುತ್ತಿದ್ದವರಲ್ಲಿ ಅರ್ಧಕ್ಕರ್ಧ ಪಿಎಚ್‌ಡಿ ಮಾಡುವವರು. ಒಬ್ಬ ಬಾವಿ ನೀರಿನ ಉಪ್ಪು ಅಳೆಯುತ್ತಿದ್ದ, ಒಬ್ಬಳು ಹಾಳುಗುಡಿಗಳ ಶಾಸನ ಓದುತ್ತಿದ್ದಳು, ಇನ್ನೊಬ್ಬ ಇರುವೆ ಎಣಿಸುತ್ತಿದ್ದ. ಇವನ ವಿಷಯ ಅವನಿಗೆ ತಿಳಿಯದು, ಅವನದು ಇವನಿಗೆ ಬೇಡ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಭಕ್ರಿ ಪಲ್ಯ ಉಂಡು ಹೋಗುತ್ತಿದ್ದರು. ಜೋಳದ ರೊಟ್ಟಿಗೆ ಅವರ ಮನೆಯಲ್ಲಿ ಭಕ್ರಿ ಅನ್ನುತ್ತಾರೆ. ಇರುವೆಯವನ ಹೆಸರು ಚಂದ್ರಮೋಹನ. ಆರನೆಯ ವರ್ಷದಲ್ಲಿ ಅವನ ಲೆಕ್ಕವೆಲ್ಲ ತಪ್ಪು ಎಂದು ಗೊತ್ತಾಯಿತಂತೆ. ಆವತ್ತು ಊಟಕ್ಕೆ ಕೂತವನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಟ್ರಂಕು ಕಟ್ಟಿಕೊಂಡು ಊರಿಗೆ ಹೋದ. ಮತ್ತೆ ಬರಲಿಲ್ಲ. “ಆ ತಾಟು ನಾನ ತೊಳದೆ ನೋಡ್ರಿ,” ಎಂದು ಈಗಲೂ ನೆನೆಯುತ್ತಾರೆ.

ಹತ್ತಿರದ ಆಸ್ಟಿನ್ ಯೂನಿವರ್ಸಿಟಿಯಲ್ಲಿ ಗೋದಾವರಿಬಾಯಿ ಎರಡು ಕಡೆ ಖಾಯಂ ಗಿರಾಕಿ. ಒಂದು ಮರಿಸೋಲ್ ಎಂಬ ಹುಡುಗಿಯ ಮಂಡಿ ನೋವಿನ ಅಧ್ಯಯನ. ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮಗಳನ್ನು ಆಕೆ ಮೂವತ್ತೊಂದು ಜನ ಹಿರಿಯರಿಗೆ ಕಲಿಸಿ, ತಿಂಗಳಿಗೊಮ್ಮೆ ಕರೆಸಿ, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಕೇಳುತ್ತಿದ್ದಳು. ಗೋದಾವರಿಬಾಯಿ ಮೊದಲ ದಿನ ಐದು ಎಂದರು. ಆಮೇಲೆ ನಾಲ್ಕು. ಆಮೇಲೆ ಮೂರು. ಈಗ ಎಷ್ಟೋ ತಿಂಗಳಿಂದ, “ಎರಡು ಅಂತ ಬರ್ಕೊಳ್ರಿ ಅಂತ ಹೇಳ್ರಿ ಆಕಿಗೆ.” ನಾನು ಇಂಗ್ಲಿಷಿನಲ್ಲಿ ಎರಡು ಎನ್ನುತ್ತಿದ್ದೆ. ಮರಿಸೋಲ್‌ಗೆ ಹಿಗ್ಗೋ ಹಿಗ್ಗು. ನೋವಿನ ಗೆರೆ ಜಾರುಬಂಡಿಯ ಹಾಗೆ ಇಳಿದಿರುವುದನ್ನು ಕಂಪ್ಯೂಟರಿನಲ್ಲಿ ತೋರಿಸಿ, ನನ್ನ ಅತ್ಯುತ್ತಮ ಮಂಡಿ ಇದೇ, ಮುಂದಿನ ತಿಂಗಳು ಪ್ರೊಫೆಸರುಗಳ ಮುಂದೆ ಇದನ್ನೇ ಮೊದಲು ಇಡುತ್ತೇನೆ ಎಂದಳು. ಹದಿನಾಲ್ಕು ತಿಂಗಳ ದುಡಿಮೆ ಅವಳದು.

ಇನ್ನೊಂದು ಶ್ರೀಜಾಳದು. ಇಲ್ಲೇ ಟೆಕ್ಸಾಸ್‌ನ ಸೌತ್‌ಲೇಕ್‌ನಲ್ಲಿ ಬೆಳೆದ ಕನ್ನಡದ ಹುಡುಗಿ, ಭಾಷಾಶಾಸ್ತ್ರದಲ್ಲಿ ಪಿಎಚ್‌ಡಿ. ಹಿರಿಯರನ್ನು ಮೈಕಿನ ಮುಂದೆ ಕೂರಿಸಿ, ನಿನ್ನೆ ಬೆಳಗಿನಿಂದ ಏನೇನು ಮಾಡಿದಿರಿ ಎಂದು ಅವರ ಮಾತಿನಲ್ಲೇ ಹೇಳಿಸಿ ರೆಕಾರ್ಡ್ ಮಾಡುತ್ತಾಳೆ. ಧಾರವಾಡದ ಮಾತು ಅವಳ ಕಿವಿಗೆ ಪೂರ್ತಿ ಹತ್ತುವುದಿಲ್ಲ. “ಆಂಟಿ, ಪ್ಲೀಸ್, ಬರೆದಿರೋದು ಕರೆಕ್ಟಾಗಿದ್ಯಾ ಚೆಕ್ ಮಾಡ್ತೀರಾ?” ಎಂದು ನನ್ನನ್ನು ಕೇಳಿದಳು. ಗೋದಾವರಿಬಾಯಿಯೂ ಆಗಲಿ ಎಂದು ಸಹಿ ಹಾಕಿಕೊಟ್ಟರು. ತಪ್ಪು ಹುಡುಕುವ ಕೆಲಸ ಎಂದರೆ ನನಗೂ ಕೈ ತುರಿಸುತ್ತದೆ. ಇಯರ್‌ಫೋನ್ ಹಾಕಿಕೊಂಡು ಕೂತೆ.

ನಾಲ್ಕನೆಯ ರೆಕಾರ್ಡಿಂಗಿನಲ್ಲಿ ಅವರ ದನಿ ಹೀಗಿತ್ತು: “ನಿನ್ನಿ ಮುಂಜಾನೆ ಬಚ್ಚಲದಾಗ ಕೂತಾಕಿಗೆ ಏಳಲಿಕ್ಕೆ ಆಗ್ಲಿಲ್ಲ. ಮಗಾ ಸೊಸಿ ಆಫೀಸಿಗೆ ಹೋಗಿದ್ರು. ಅರ್ಧಾ ತಾಸು ಅಲ್ಲೇ ಕೂತೆ. ಮಣಕಾಲು ಯಾರೋ ಹಿಂಡಿದಂಗ ಆಗತಿತ್ತು. ಸ್ವಲ್ಪ ಅತ್ತುಬಿಟ್ಟೆ. ಆಮ್ಯಾಲೆ ನಳ ಹಿಡಕೊಂಡು ಎದ್ದೆ.”

ಶ್ರೀಜಾ ಆ ಸಾಲಿನ ಕೆಳಗೆ ನೀಲಿ ಗೆರೆ ಹಾಕಿದ್ದಳು. ಸ್ವರಗಳ ಉದ್ದ ಬಹಳ ಚೆನ್ನಾಗಿ ಸಿಕ್ಕಿದೆ ಎಂದು ಪಕ್ಕದಲ್ಲಿ ಬರೆದುಕೊಂಡಿದ್ದಳು.

ಅವಳನ್ನು ಏನಂತ ಬೈಯುವುದು? ಅವಳಿಗೆ ಬೇಕಾದದ್ದು ದನಿ, ಸಿಕ್ಕಿತ್ತು. ಮಂಡಿ ಬೇಕಾದವಳು ನೂರು ಹೆಜ್ಜೆ ಆಚೆಯ ಕಟ್ಟಡದಲ್ಲಿ ಎರಡು ಎಂದು ಬರೆದುಕೊಂಡು ಕೂತಿದ್ದಳು. ಬೈಯಬೇಕಾದ್ದು ನನ್ನನ್ನು. ಮಂಡಿಗೂ ಮೈಕಿಗೂ ಕರೆದುಕೊಂಡು ಹೋದವಳು ನಾನು. ಆ ‘ಎರಡು’ ಅನ್ನುವುದನ್ನು ನನ್ನ ಬಾಯಿಂದಲೇ ಹೇಳಿದ್ದೆ. ಇಪ್ಪತ್ತೆಂಟು ವರ್ಷ ಟೆಸ್ಟಿಂಗ್ ಮಾಡಿ ಏನು ಬಂತು ಮಣ್ಣು! ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ನೇರ ಅವರ ಮನೆಗೆ ಹೋದೆ.

ಅವರು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಕೇಳಿದ್ದೆಲ್ಲ ಹೇಳಿದೆ. “ಬಚ್ಚಲಲ್ಲಿ ಅರ್ಧ ಗಂಟೆ ಅಳ್ತಾ ಕೂತಿದ್ದವರು ನೋವು ಎರಡು ಅಂತ ಹೇಗೆ ಹೇಳಿದ್ರಿ ಗೋದಾವರಿಬಾಯಿಯವರೇ? ನಿಜವಾಗಿ ಎಷ್ಟು?”

ಬಹಳ ಹೊತ್ತು ಸೊಪ್ಪು ಬಿಡಿಸಿದರು. “ಎಂಟು ಅನ್ರಿ.”

“ಮತ್ತೆ?”

“ಆ ಹುಡುಗಿ ಮಾರಿ ನೋಡೀರೇನು ಕೇಳೋ ಮುಂದ? ಪರೀಕ್ಷಾದ ರಿಸಲ್ಟ್ ಕೇಳಿದಂಗ ಕೇಳ್ತದ. ಎಂಟು ಅಂದ್ರ ಅಕಿ ಪುಸ್ತಕ ಹಾಳಾಗ್ತದ್ರಿ. ಚಂದ್ರಮೋಹನನ ತಾಟು ತೊಳದಾಕಿ ನಾನು. ಇನ್ನೊಂದು ತೊಳೀಲಿಕ್ಕೆ ನನ್ನ ಕೈಲೆ ಆಗೂದಿಲ್ಲ. ನೀವೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

“ಬೀಳೋಕೆ ಮೊದಲು ಮಂಡಿ ಬಗ್ಗಬೇಕಲ್ಲ,” ಎಂದೆ. ಸಿಟ್ಟಿನಲ್ಲಿ ಬಂದ ಮಾತು. ಅವರು ನಗಲಿಲ್ಲ, ನನಗೇ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡೆ.

ಸೊಪ್ಪು ಬಿಡಿಸುತ್ತ ಕೇಳಿದೆ: “ಚಂದ್ರಮೋಹನನ ಲೆಕ್ಕ ತಪ್ಪು ಅಂತ ಗೊತ್ತಾಗಿದ್ದು ಆರನೇ ವರ್ಷದಲ್ಲಿ ಅಲ್ವಾ? ಯಾರಾದ್ರೂ ಎರಡನೇ ವರ್ಷದಲ್ಲೇ ಅವನಿಗೆ ಹೇಳಿದ್ದಿದ್ರೆ?”

ನಾನು ಹೊರಟಾಗ ಅವರು ಬಾಗಿಲ ತನಕ ಬಂದರು, ಗೋಡೆ ಹಿಡಿದುಕೊಂಡು. ಅವರು ಗೋಡೆ ಹಿಡಿದು ನಡೆಯುತ್ತಾರೆ ಅನ್ನುವುದನ್ನು ಆವತ್ತೇ ನಾನು ನೋಡಿದ್ದು.

ಮುಂದಿನ ಗುರುವಾರ ಮರಿಸೋಲ್‌ಳ ಸರದಿ. ಗೋದಾವರಿಬಾಯಿ ನಿಜ ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇಲ್ಲವಾದರೆ ಈ ಸಲ ನನ್ನ ಬಾಯಲ್ಲಿ ಎರಡು ಬರುವುದಿಲ್ಲ ಅನ್ನುವುದು ಮಾತ್ರ ಗೊತ್ತಿತ್ತು. ಮರಿಸೋಲ್ ಎಂದಿನಂತೆ ಪೆನ್ನು ಹಿಡಿದು, ನಗುತ್ತ, ಹೇಗಿದೆ ನನ್ನ ಮಂಡಿ ಎಂದು ಕೇಳಿದಳು.

ಗೋದಾವರಿಬಾಯಿ ನನ್ನ ಕಡೆ ನೋಡಲಿಲ್ಲ. ಕೈಯೆತ್ತಿ ಎಂಟು ಬೆರಳು ತೋರಿಸಿ, ಇಂಗ್ಲಿಷಿನಲ್ಲೇ ಹೇಳಿದರು. “ಏಯ್ಟ್. ಫಸ್ಟ್ ಡೇ, ಏಯ್ಟ್. ಟುಡೇ, ಏಯ್ಟ್. ಸಾರಿ, ಬೇಟಾ.”

ಮರಿಸೋಲ್ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ನನ್ನ ಪಾಲಿನದನ್ನೂ ಬಿಡದೆ. ಪೆನ್ನನ್ನು ಮೇಜಿನ ಮೇಲಿಟ್ಟಳು. ಮುಖ ಬಿಳುಚಿತ್ತು. ಹದಿನಾಲ್ಕು ತಿಂಗಳಾ ಎಂದು ಒಮ್ಮೆ ಕೇಳಿದಳು, ಆಮೇಲೆ ಕಂಪ್ಯೂಟರಿನ ಜಾರುಬಂಡಿಯನ್ನೇ ನೋಡುತ್ತ ಕೂತಳು. ಗೋದಾವರಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಕೊನೆಗೆ ಹುಡುಗಿ ನಿಧಾನವಾಗಿ, “ನಮ್ಮಜ್ಜಿಯೂ ಹೀಗೇ. ಯಾವಾಗ ಕೇಳಿದರೂ ಏನೂ ಇಲ್ಲ ಅನ್ನುತ್ತಾಳೆ. ಹಾಗಾದರೆ ಉಳಿದ ಮೂವತ್ತು ಜನರಲ್ಲಿ ಎಷ್ಟು ಮಂದಿ ನನ್ನ ಮುಖ ನೋಡಿ ಹೇಳಿದ್ದಾರೆ?” ಎಂದಳು.

“ನಾನು ಹೇಗೆ ಕೇಳಿದ್ದರೆ ನೀವು ನಿಜ ಹೇಳುತ್ತಿದ್ದಿರಿ?” ಎಂದು ಆಮೇಲೆ ಕೇಳಿದಳು. ನಾನು ಕನ್ನಡಕ್ಕೆ ತಂದೆ.

ಗೋದಾವರಿಬಾಯಿ ಸೆರಗು ಕೆಳಗಿಳಿಸಿದರು. “ಅಕಿಗೆ ಹೇಳ್ರಿ. ಖಾನಾವಳ್ಯಾಗ ಹೊಟ್ಟಿ ತುಂಬ್ತೇನು ಅಂತ ಕೇಳಿದ್ರ ಎಲ್ಲಾ ಹುಡುಗ್ರೂ ತುಂಬ್ತ್ರಿ ಬಾಯಿಯವ್ರ ಅಂತಿದ್ರು. ಅದಕ್ಕ ನಾ ಕೇಳೂದು ಬಿಟ್ಟೆ. ತಾಟು ನೋಡ್ತಿದ್ದೆ. ನೋವು ಎಷ್ಟು ಅಂತ ಕೇಳಬ್ಯಾಡವಾ. ನಿನ್ನಿ ಏನು ಮಾಡ್ಲಿಕ್ಕೆ ಆಗ್ಲಿಲ್ಲ ಅಂತ ಕೇಳು.”

ಮರಿಸೋಲ್ ಪೆನ್ನು ಎತ್ತಿಕೊಂಡಳು. “ನಿನ್ನೆ ಏನು ಮಾಡಲು ಆಗಲಿಲ್ಲ?”

“ದೇವರ ಮುಂದ ಕೂತು ಎದ್ದೇಳಲಿಕ್ಕೆ ಆಗ್ಲಿಲ್ಲ. ಮೆಟ್ಟಲಾ ಇಳೀಲಿಕ್ಕೆ ಆಗ್ಲಿಲ್ಲ. ಮೊಮ್ಮಗಳು ಸಾನ್ವಿ ಎತ್ತಿಕೋ ಅಂತ ಬಂತು, ಕೈಯಾಗ ಕೆಲಸದ ಅಂತ ಸುಳ್ಳು ಹೇಳಿದೆ.” ನಾನು ಒಂದೊಂದನ್ನೇ ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಒಂದು ಪುಟ ತುಂಬಿತು.

ಅವಳ ಪ್ರೊಫೆಸರುಗಳ ಸಭೆ ಮುಂದಕ್ಕೆ ಹೋಯಿತು. ಎಲ್ಲರನ್ನೂ ಹೊಸದಾಗಿ ಕೇಳಬೇಕು, ಒಂದು ವರ್ಷ ಹೆಚ್ಚಾದರೂ ಆಗಬಹುದು ಎಂದಳು. ಆವತ್ತು ಅವಳು ನಗಲಿಲ್ಲ. ಆದರೆ ಲಿಫ್ಟ್‌ವರೆಗೆ ಗೋದಾವರಿಬಾಯಿಯ ತೋಳು ಹಿಡಿದುಕೊಂಡು ಬಂದಳು, ಮೂಳೆ ಡಾಕ್ಟರಿಗೆ ತಾನೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಟ್ಟಳು.

ವಾಪಸು ಬರುವಾಗ ಗೋದಾವರಿಬಾಯಿ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಬಂತು ಅಂದುಕೊಂಡೆ. ಜಾರ್ಜ್‌ಟೌನ್ ಹತ್ತಿರದ ಸಿಗ್ನಲ್‌ನಲ್ಲಿ ನಿಂತಾಗ, ಕಣ್ಣು ಮುಚ್ಚಿಕೊಂಡೇ ಕೇಳಿದರು:

“ನಳಿನಿಯವ್ರ, ನಿನ್ನಿ ನಿಮಗ ಏನು ಮಾಡ್ಲಿಕ್ಕೆ ಆಗ್ಲಿಲ್ರಿ?”

“ನಂಗೇನು? ಏನಿಲ್ಲ ಬಿಡಿ.”

“ಹಂಗಾರ ಎರಡು ಅಂತ ಬರ್ಕೊಳ್ಳೇನು?”

ಹಸಿರು ದೀಪ ಬಂತು. ಹಿಂದಿನವನು ಹಾರ್ನ್ ಹೊಡೆದ. ನನಗೆ ಗಾಡಿ ಮುಂದೆ ಬಿಡಲಾಗಲಿಲ್ಲ.

“ಕಾಫಿ ಫಿಲ್ಟರ್ ಕೆಳಗಿಳಿಸಕ್ಕೆ ಆಗ್ಲಿಲ್ಲ,” ಎಂದೆ. “ಮೂರು ವರ್ಷದಿಂದ ಮೇಲಿನ ಶೆಲ್ಫಲ್ಲೇ ಇದೆ. ನಮ್ಮವರಿಟ್ಟ ಹಾಗೇ. ನಂಗೆ ಟೀ ಸೇರಲ್ಲ, ಗೋದಾವರಿಬಾಯಿಯವರೇ.” ಹೇಳುತ್ತಿದ್ದಂತೆ ಅಳು ಬಂದುಬಿಟ್ಟಿತು.

“ಗೊತ್ತದ,” ಎಂದರು. “ನಿಮ್ಮ ಚಾದ ಕಪ್ಪು ದಿನಾ ನೋಡ್ತೇನಿ, ಅರ್ಧಾ ಹಂಗ ಇರ್ತದ. ನಡೀರಿ, ಗಾಡಿ ಬಿಡ್ರಿ, ಅಂವಾ ಬೈಲಿಕ್ಹತ್ಯಾನ.”

ಅವರ ಮನೆಯ ಮುಂದೆ ಕಾರು ನಿಲ್ಲಿಸಿದರೆ ಇಳಿಯಲಿಲ್ಲ. ನನ್ನ ಮನೆಗೇ ಬಂದರು. ಅಡುಗೆಮನೆಯಲ್ಲಿ ಸ್ಟೂಲ್ ಎಳೆದು ಶೆಲ್ಫಿನ ಕೆಳಗೆ ಇಟ್ಟೆ. ಅವರಿಗೆ ಹತ್ತಲು ಆಗುವುದಿಲ್ಲ ಎಂದು ಈಗ ಇಬ್ಬರಿಗೂ ಗೊತ್ತಿತ್ತು. ನಾನೇ ಹತ್ತಿದೆ, ಅವರು ಸ್ಟೂಲ್ ಹಿಡಿದುಕೊಂಡರು.