ಬಂದ್ ಬೀಳದ ಪರದೆ

ಮಾದಾಪುರದ ನಮ್ಮ ಆಫೀಸಿನಲ್ಲಿ ಕನ್ನಡ ಬಲ್ಲವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು, ನಾನು ಕಾಕಾ ಎಂದು ಕರೆಯುತ್ತಿದ್ದ, ಅರವತ್ತರ ಹತ್ತಿರದ ಎಂಜಿನಿಯರು. ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯಿಂದ, ವರ್ಷವರ್ಷಕ್ಕೆ ಹೊಸದಾಗುವ ಕರಾರಿನ ಮೇಲೆ ನಮ್ಮಲ್ಲಿಗೆ ಬಂದವರು. ಮೀಟಿಂಗಿನಲ್ಲಿ ತೆಲುಗು, ಲಿಫ್ಟಿನಲ್ಲಿ ಹಿಂದಿ, ಊಟದ ಹೊತ್ತಿಗೆ ಮಾತ್ರ ನಮ್ಮಿಬ್ಬರ ಕಲಬುರಗಿ ಕಡೆಯ ಮಾತು. ಅವರ ಡಬ್ಬಿಯಲ್ಲಿ ಜೋಳದ ರೊಟ್ಟಿ ಇದ್ದರೆ, ಆ ದಿನ ಕಾಕುವಿಗೆ ಒಲೆ ಮುಂದೆ ನಿಲ್ಲುವಷ್ಟು ತ್ರಾಣವಿದೆ ಎಂದು ನನಗೆ ತಿಳಿಯುತ್ತಿತ್ತು. ಕಾಕು ಎಂದರೆ ಅವರ ಹೆಂಡತಿ. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲೆ ಇದ್ದವರು. ಅದರ ಖರ್ಚೆಲ್ಲ ನಡೆಯುತ್ತಿದ್ದುದು ಕಂಪನಿಯ ಇನ್ಶೂರೆನ್ಸಿನಲ್ಲಿ. ಕಾಕಾನ ನೌಕರಿ ಹೋದರೆ ಅದೂ ಹೋದಂತೆಯೇ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾವು ಮಾಡುತ್ತಿದ್ದುದು ಐಸಿಯುನಲ್ಲಿ ಮಲಗಿದವರ ಎದೆಬಡಿತವನ್ನು ನರ್ಸುಗಳ ಮುಂದಿನ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂ. ಯಂತ್ರದಿಂದ ಬಡಿತ ಓದುವ ಕೆಳಗಿನ ಭಾಗವನ್ನು ಕಾಕಾ ಹಳೆಯ ಸಿ ಭಾಷೆಯಲ್ಲಿ ಬರೆದಿದ್ದರು. ಮೇಲಿನ ಪರದೆ ಹೊಸ ಸಿ ಶಾರ್ಪ್‌ನಲ್ಲಿತ್ತು. ಅದನ್ನು ಬರೆದವರು ಎಂದೋ ಕೆಲಸ ಬಿಟ್ಟು ಹೋಗಿದ್ದರು. ಎರಡರ ನಡುವೆ ಮಾಹಿತಿ ದಾಟಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು.

ದಾಟಿಸುವುದೇನು ಸುಲಭವೇ! ಎರಡೂ ಕಡೆ ಮೆಮರಿಯ ಕಟ್ಟಳೆಯೇ ಬೇರೆ. ಕೆಳಗೆ ನಮಗೆ ಬೇಕಾದ ಜಾಗ ನಾವೇ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ನಾವೇ ಬಿಟ್ಟುಕೊಡಬೇಕು. ಮೇಲೆ ಆ ಚಿಂತೆಯಿಲ್ಲ, ಬೇಡವಾದದ್ದನ್ನು ವ್ಯವಸ್ಥೆಯೇ ಆಗಾಗ ತೆಗೆದುಹಾಕುತ್ತದೆ. ಇದನ್ನು ಕಾಕಾ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು.

"ಮ್ಯಾಲಿನ ಮನ್ಯಾಗ ಕಸ ಹೊಡಿಯಾಕಿ ಇದ್ದಾಳ ತಂಗಿ. ಯಾವಾಗ ಬರ್ತಾಳೋ ಆಕಿಗೇ ಗೊತ್ತು. ಆ ಮನ್ಯಾಗ ಯಾರೂ ಕೈಯಾಗ ಹಿಡದಿಲ್ಲ ಅಂತ ಕಂಡ್ರ ಸಾಕು, ಎತ್ತಿ ಒಗೀತಾಳ. ಕೆಳಗಿನ ಮನ್ಯಾಗ ಯಾರರೆ ಅದನ್ನ ನಂಬಿ ಕುಂತಾರೇನು ಅಂತ ಬಗ್ಗಿ ನೋಡಂಗಿಲ್ಲ."

ಆ ಬೇಸಿಗೆಯಲ್ಲಿ ಪರದೆ ಬಂದ್ ಬೀಳತೊಡಗಿತು. ಒಂದಿಡೀ ದಿನ ಸರಿಯಾಗಿ ನಡೆಯುವುದು, ಇದ್ದಕ್ಕಿದ್ದಂತೆ ಕಪ್ಪಾಗುವುದು. ಯಾಕೆಂದು ಯಾರಿಗೂ ತಿಳಿಯದು. ಪ್ರತಿ ಸಲದ ವರದಿಯಲ್ಲಿ ಕೊನೆಗೆ ಕಾಣುತ್ತಿದ್ದುದು ಮಾತ್ರ ಕಾಕಾ ಬರೆದ ಭಾಗದ ಹೆಸರು. ಅಷ್ಟೇ ಸಾಕಾಯಿತು. ಆಸ್ಪತ್ರೆಯವರು ಬೈದಾಗಲೆಲ್ಲ ನಮ್ಮ ಹುಡುಗರು ಕಾಕಾ ಬರೆದ ಪ್ರೋಗ್ರಾಮಿಗೆ "ತಾತನ ಕೋಡು" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮ್ಯಾನೇಜರ್ ಮಾತ್ರ ನಗುತ್ತಿರಲಿಲ್ಲ. ಕಾಕಾನನ್ನು ದಿನಕ್ಕೆ ನಾಲ್ಕು ಸಲ ಕರೆಯುತ್ತಿದ್ದ, ಕುರ್ಚಿ ಎಳೆದು ಕೂರಿಸುತ್ತಿದ್ದ, ಚಹಾ ತರಿಸುತ್ತಿದ್ದ. ಕಾರಣ ಸಿಗದಿದ್ದರೆ ಕೆಳಗಿನ ಭಾಗವನ್ನೇ ಕಿತ್ತುಹಾಕಿ ಹೊಸದಾಗಿ ಬರೆಸುತ್ತೇನೆ ಎಂದೂ ಹೇಳುತ್ತಿದ್ದ. ನನಗೆ ಆ ಮಾತೊಂದೇ ಕಿವಿಗೆ ಬಿದ್ದದ್ದು. ಚಹಾ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಊಟ ಬಿಟ್ಟು ಕೂತೆವು. ಹೊಸ ಬಡಿತ ಬಂದಾಗಲೆಲ್ಲ ಕೆಳಗಿನ ಭಾಗ ಮೇಲಿನದನ್ನು ಕೂಗಿ ಕರೆಯಬೇಕು. ಯಾವ ವಿಳಾಸಕ್ಕೆ ಕರೆಯಬೇಕೆಂದು ಮೇಲಿನವರು ಮೊದಲೇ ಹೇಳಿರುತ್ತಾರೆ. ಕಾಕಾ ಆ ಸಾಲುಗಳನ್ನು ನೋಡುತ್ತ ನೋಡುತ್ತ ಕನ್ನಡಕ ತೆಗೆದರು.

"ಕಸ ಹೊಡಿಯಾಕೀನ್ನ ಘಳಿಗಿಗೊಮ್ಮೆ ಕರಿ. ಏನ್ ಎತ್ತಿ ಒಗೀತಾಳ, ನೋಡೂಣು."

ಮೇಲಿನ ಮೆಮರಿಯನ್ನು ಮತ್ತೆ ಮತ್ತೆ ಗುಡಿಸುವಂತೆ ಬಲವಂತದ ಆಜ್ಞೆ ಸೇರಿಸಿ ಓಡಿಸಿದೆ. ದಿನವೆಲ್ಲ ನಡೆಯುತ್ತಿದ್ದ ಪರದೆ, ನಾನು ನೀರಿನ ಬಾಟಲಿ ಮುಚ್ಚುವುದರೊಳಗೆ ಕಪ್ಪಾಯಿತು. "ಸಿಕ್ತು ನೋಡ್ರೀ ಕಾಕಾ!" ಎಂದು ನಾನು ಕಿರುಚಿದ್ದಕ್ಕೆ ಸಾಲಿನವರೆಲ್ಲ ತಿರುಗಿ ನೋಡಿದರು. ಮೇಲಿನವರು ವಿಳಾಸವನ್ನು ಕೆಳಗೆ ಕೊಟ್ಟು ತಾವು ಕೈಬಿಟ್ಟಿದ್ದರು. ಮೇಲೆ ಯಾರೂ ಹಿಡಿದಿಲ್ಲವೆಂದು ಆ ವಿಳಾಸದಲ್ಲಿದ್ದದ್ದು ಕಸದ ಜೊತೆ ಹೋಗುತ್ತಿತ್ತು. ಪಾಪ, ಕಾಕಾನ ಕೋಡು ನಂಬಿಕೆಯಿಂದ ಅದೇ ವಿಳಾಸಕ್ಕೆ ಕೂಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಮೇಲಿನ ಭಾಗದಲ್ಲಿ ಅದನ್ನು ಕೊನೆತನಕ ಹಿಡಿದಿಡುವ ಒಂದೇ ಸಾಲು ಬರೆದೆ. ಪರದೆ ಆಮೇಲೆ ಬಂದ್ ಬೀಳಲಿಲ್ಲ.

ನಾನು ಸುಮ್ಮನಿರುವವಳಲ್ಲ. ಎಲ್ಲರ ಮುಂದೆ ಮೀಟಿಂಗಿನಲ್ಲಿ ಎದ್ದು ನಿಂತು, ತಾತನ ಕೋಡಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಇನ್ನು ಯಾರೂ ಅದನ್ನು ಮುಟ್ಟುವ ಅಗತ್ಯವೇ ಇಲ್ಲ ಎಂದು ಹೇಳಿದೆ. ಕಾಕಾ ತಲೆ ತಗ್ಗಿಸಿ ಕೂತಿದ್ದರು, ಕಿವಿ ಕೆಂಪಾಗಿತ್ತು. ಮರುದಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಬಂತು. ಕಾಕು ಶೇಂಗಾ ತಿನ್ನುವಂತಿರಲಿಲ್ಲ. ನನಗೆಂದೇ ಗೋಡೆ ಹಿಡಿದು ನಿಂತು ಮಾಡಿದ್ದರಂತೆ.

ವರ್ಷದ ಕೊನೆಗೆ ಕಾಕಾನ ಕರಾರು ಮುಂದುವರಿಯಲಿಲ್ಲ. ನಾನು ಮ್ಯಾನೇಜರನ ಕೋಣೆಗೆ ನುಗ್ಗಿ ಬಾಯಿಗೆ ಬಂದಂತೆ ಅಂದೆ. ಅವನಿಗೆ ಸಿಟ್ಟೂ ಬರಲಿಲ್ಲ. ಅದನ್ನು ಯಾರೂ ಮುಟ್ಟಬೇಕಾಗಿಲ್ಲ ಎಂದು ನೀವೇ ಹೇಳಿದಿರಲ್ಲ, ಹಾಗಾದರೆ ಅವರಿಗೆ ಇಲ್ಲಿ ಏನು ಕೆಲಸ ಕೊಡಲಿ ಎಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದ. ಕಾಕುವಿನ ಡಯಾಲಿಸಿಸ್ ಮಾತು ಎತ್ತಿದೆ. ಅದು ತನ್ನ ಕೈಯಲ್ಲಿಲ್ಲ ಎಂದ. ಪರದೆ ಬಂದ್ ಬೀಳುತ್ತಿದ್ದಷ್ಟು ದಿನವೇ ಕಾಕಾನ ಕುರ್ಚಿ ಗಟ್ಟಿಯಿತ್ತು, ಚಹಾ ಬರುತ್ತಿತ್ತು. ಅದು ನನಗೆ ಆಗ ಹೊಳೆಯಿತು.

ಕೊನೆಯ ದಿನ ಕಾಕಾ ಲಿಫ್ಟಿನ ಹತ್ತಿರ ನಿಂತು, "ಯಾಕ ಅಳಾಕತ್ತಿ? ಮಂದಿ ಮುಂದ ನನ್ನ ಮಾನ ಉಳಿಸಿದಿ, ಅದು ಸಣ್ಣದೇನು?" ಎಂದರು. ನನಗೆ ಅದು ಸಮಾಧಾನ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಮೊನ್ನೆ ರಜೆಯ ದಿನ ಕೂಕಟ್‌ಪಲ್ಲಿಯಿಂದ ಮೆಟ್ರೊ ಹಿಡಿದು ದಿಲ್‌ಸುಖ್‌ನಗರದ ಅವರ ಮನೆಗೆ ಹೋಗಿದ್ದೆ. ಈಗ ಡಯಾಲಿಸಿಸ್ ಸರಕಾರಿ ಆಸ್ಪತ್ರೆಯಲ್ಲಿ. ಬೆಳಗಾಗುವ ಮೊದಲೇ ಹೋಗಿ ಸರದಿಯಲ್ಲಿ ಕೂರಬೇಕು, ಒಮ್ಮೊಮ್ಮೆ ಯಂತ್ರ ಖಾಲಿಯಾಗದೆ ಹಾಗೇ ಮರಳಬೇಕು. ಹಿಂದಿನ ದಿನವೂ ಹಾಗೇ ಮರಳಿದ್ದರಂತೆ. ಕಾಕು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಮುಖ ಊದಿತ್ತು, ಮಾತಾಡಿದರೆ ಉಸಿರು ಹತ್ತುತ್ತಿತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಕಾಕಾ ಚಹಾ ತಂದುಕೊಟ್ಟು ಎದುರಿಗೆ ಕೂತರು. ಅವರು ಕೇಳಿದ್ದು ಒಂದೇ.

"ಪರದೆ ಇನ್ನ ಬಂದ್ ಬಿದ್ದಿಲ್ಲೇನು?"

"ಇಲ್ಲರೀ ಕಾಕಾ. ಒಮ್ಮಿನೂ ಬಿದ್ದಿಲ್ಲ."

ಅವರ ಮುಖ ಅರಳಿತು. ಹಳೆಯ ಕಾಕಾನನ್ನು ಕಂಡಂತಾಯಿತು. ಆಗ ಮಂಚದ ಮೇಲಿಂದ ಕಾಕು ಮೆಲ್ಲಗೆ ಅಂದರು:

"ಒಮ್ಮೆರೆ ಬಂದ್ ಬಿದ್ದಿದ್ರ, ನಿಮ್ಮನ್ನ ಕರೀತಿದ್ರು."

"ಹಂಗ ಅನಬಾರ್ದು," ಎಂದು ಕಾಕಾ ತಟ್ಟನೆ ಗದರಿದರು. "ಅಲ್ಲಿ ಪೇಷಂಟ್ ಮಲಗಿರ್ತಾರ."

ಕಾಕು ನಮ್ಮಿಬ್ಬರನ್ನೂ ನೋಡಿದರು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ.

"ನಾನೂ ಪೇಷಂಟೇ ಅಲ್ಲೇನ್ರೀ?"