ನಮ್ಮ ಪಡಸಾಲೆಗೆ ಬಂದ ಶಾಲೆ

ನಮ್ಮ ಸೀಮೆ ಇನ್ನೂ ಮುಂಬೈ ಸರಕಾರದ ಆಡಳಿತದಲ್ಲಿದ್ದ ಕಾಲ. ಜಕ್ಕಲಿಯ ಆಚೆಗೆ, ರೋಣ ತಾಲೂಕಿನ ಎರೆನೆಲದ ನಡುವೆ ನಮ್ಮ ಊರು. ಚಾವಡಿಗೆ ಅಂಟಿಕೊಂಡಿದ್ದ ಒಂದು ಹಳೆಯ ಕೋಣೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಶಾಲೆ ನಡೆಯುತ್ತಿತ್ತು. ಒಂದು ಶ್ರಾವಣದಲ್ಲಿ ಅದರ ಮಣ್ಣಿನ ಮಾಳಿಗೆ ಕುಸಿದುಬಿತ್ತು. ಬಿದ್ದದ್ದು ಸೋಮವಾರ ಬೆಳಿಗ್ಗೆ, ಶಾಲೆ ತೆರೆಯುವ ಮೊದಲು. ಹೀಗಾಗಿ ಯಾರಿಗೂ ಪೆಟ್ಟಾಗಲಿಲ್ಲ. ಮಾಸ್ತರರ ಕುರ್ಚಿ, ಗೋಡೆಯ ಮೇಲಿನ ನಕಾಶೆ ಮತ್ತು ನೀರಿನ ಹರವಿ ಮಣ್ಣಿನಡಿ ಸೇರಿದವು.

ಅಂದೇ ಹಿರಿಯರು ಚಾವಡಿಯ ಕಟ್ಟೆಯ ಮೇಲೆ ಕೂಡಿದರು. ಹೊಸ ಕೋಣೆ ಕಟ್ಟುವವರೆಗೆ ಮಕ್ಕಳನ್ನು ಎಲ್ಲಿ ಕೂಡಿಸುವುದೆಂಬ ಮಾತು ಬಂತು. ಗುಡಿ ಎಂದರು, ಮಠ ಎಂದರು, ಒಂದೊಂದಕ್ಕೂ ಒಂದೊಂದು ತೊಡಕು ಕಂಡಿತು. ಕೊನೆಗೆ ಶಾಲಾ ಕಮಿಟಿಯಲ್ಲಿದ್ದ ನಮ್ಮ ಅಪ್ಪ, ತಮ್ಮ ಪಡಸಾಲೆ ಈಗ ಖಾಲಿ ಬಿದ್ದಿದೆ, ಹತ್ತಿ ಬರುವುದು ಮಾಘದಲ್ಲಿ, ಅಲ್ಲಿಯವರೆಗೆ ನಡೆಸಿರಿ ಎಂದರು. ಎಲ್ಲರಿಗೂ ಹಗುರವಾಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ಅವರು ಈ ಸುದ್ದಿ ಹೇಳಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು, ಮತ್ತೆ ಬಡಿಯತೊಡಗಿದಳು. ಅಪ್ಪನ ತಾಯಿ, ನಮ್ಮ ಆಯಿ, ಹುಡುಗರು ದೇವರ ಕೋಣೆಯ ಕಡೆ ಬರಬಾರದು ಎಂದಷ್ಟೇ ಹೇಳಿದಳು.

ಹಾಗೆ ಶಾಲೆ ನಮ್ಮ ಮನೆಗೆ ಬಂತು. ನಾನು ಮೂರನೆಯ ಇಯತ್ತೆಯಲ್ಲಿದ್ದೆ, ಅಣ್ಣ ನಾಲ್ಕನೆಯದರಲ್ಲಿ. ನಮ್ಮಿಬ್ಬರಿಗೂ ಇದರಿಂದ ಸುಖವೇನೂ ಆಗಲಿಲ್ಲ. ಹೊಟ್ಟೆನೋವು ಎಂದು ಮಲಗಿದರೆ ಮಾಸ್ತರರೇ ನಡುಮನೆಯ ಬಾಗಿಲಿಗೆ ಬಂದು ವಿಚಾರಿಸುತ್ತಿದ್ದರು. ಅಣ್ಣ ಒಮ್ಮೆ ಅಟ್ಟ ಹತ್ತಿ ಅಡಗಿದ್ದ. ಲೆಕ್ಕ ಹೇಳಿಕೊಡುವಾಗ ಮೇಲಿನಿಂದ ಸೀನು ಕೇಳಿಬಂತು. ಮಾಸ್ತರರು ತಲೆ ಎತ್ತದೆಯೇ ಅವನಿಗೆ ಉತ್ತರ ಕೇಳಿದರು. ಇನ್ನೂ ಶಾಲೆಗೆ ಸೇರದಿದ್ದ ತಮ್ಮ ಮಾತ್ರ ದಿನವೂ ಮೊದಲನೆಯ ಇಯತ್ತೆಯ ಸಾಲಿನಲ್ಲಿ ತಾನಾಗಿಯೇ ಹೋಗಿ ಕೂತು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಮಗ್ಗಿ ಒದರುತ್ತಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಮಗ್ಗಿಯ ಸಪ್ಪಳ. ಎರಡೂ ಕೂಡಿ ಒಂದೇ ತಾಳಕ್ಕೆ ಬೀಳುವುದೂ ಇತ್ತು.

ಊರ ಹೊರಗಿನ ಕೇರಿಯ ಕೆಲವು ಮಕ್ಕಳೂ ಶಾಲೆಗೆ ಬರುತ್ತಿದ್ದರು. ಅವರನ್ನು ಮುಟ್ಟಬಾರದೆಂಬುದು ಊರಿನ ನಡಾವಳಿ. ಹಳೆಯ ಕೋಣೆ ಇದ್ದಾಗ ಅವರು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದರು. ಅಲ್ಲಿ ಕಟ್ಟೆಯ ಮೇಲೆ ಚಪ್ಪರವಿತ್ತು. ನಮ್ಮ ಮನೆಯ ಕಟ್ಟೆಗೆ ಏನೂ ಇರಲಿಲ್ಲ. ಆದರೂ ಯಾರೂ ಹೇಳುವ ಮೊದಲೇ ಅವರು ಅಲ್ಲೇ ಹೋಗಿ ಕೂತರು. ಮಾಸ್ತರರು ಬೇರೆ ಕಡೆಯಿಂದ ಬಂದವರು, ಸಂಸಾರವಂದಿಗರು. ಇರಲು ಮನೆಯನ್ನೂ ಜೋಳವನ್ನೂ ಊರೇ ಕೊಡುತ್ತಿತ್ತು. ಅವರು ಒಳಗಿನವರಿಗೆ ಕಲಿಸಿ, ಆಮೇಲೆ ಹೊಸ್ತಿಲಿಗೆ ಬಂದು ಹೊರಗಿನವರ ಪಾಟಿ ನೋಡುತ್ತಿದ್ದರು. ನನಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಅದು ಹಾಗೆಯೇ ಇರಬೇಕಾದದ್ದು ಎಂದುಕೊಂಡಿದ್ದೆ.

ಮೊದಲ ವಾರ ಒಣ ಹವೆ ಇತ್ತು. ಮುಂದಿನ ವಾರ ಒಂದು ಮಧ್ಯಾಹ್ನ ಮಳೆ ಸುರಿಯಿತು. ಕಟ್ಟೆಯ ಮೇಲಿನ ಮಕ್ಕಳು ಎದ್ದರು. ಬರೆದ ಲೆಕ್ಕ ಅಳಿಸದಿರಲೆಂದು ಪಾಟಿಗಳನ್ನು ಅಂಗಿಯೊಳಗೆ ಸೇರಿಸಿಕೊಂಡು ಅಂಗಳಕ್ಕೆ ಇಳಿದರು. ಅಪ್ಪ ಹೊಲಕ್ಕೆ ಹೋಗಿದ್ದರು. ಆಯಿ ಹಿತ್ತಲಲ್ಲಿ ಸೆಗಣಿಯ ಕುಳ್ಳು ನೆನೆಯದಂತೆ ಮುಚ್ಚುತ್ತಿದ್ದಳು. ಅವ್ವ ನಡುಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. ಪರಪುರುಷರ ಮುಂದೆ ಪಡಸಾಲೆ ದಾಟುವ ರೂಢಿ ಅವಳಿಗೆ ಇರಲಿಲ್ಲ. ಅಂದು ಮೊರ ಕೆಳಗಿಟ್ಟು, ಸೆರಗು ಹೊದ್ದು, ಸಾಲುಗಳ ನಡುವಿನಿಂದ ಹಾದು ಹೊಸ್ತಿಲಿಗೆ ಹೋದಳು.

“ಮಳಿಯಾಗ ಯಾಕ ಹೊಂಟೀರಿ? ಒಳಗ ಬರ್ರಿ,” ಅಂದಳು.

ಮಕ್ಕಳು ಮಾಸ್ತರರ ಕಡೆ ನೋಡಿದರು. ಮಾಸ್ತರರು ಕೈಯಲ್ಲಿದ್ದ ಸುಣ್ಣದ ಕಡ್ಡಿಯನ್ನು ಹೊರಳಿಸುತ್ತ, “ತಾಯಿ, ಯಜಮಾನ್ರನ್ನ ಒಂದ ಮಾತ ಕೇಳಬೇಕಲ್ರಿ,” ಎಂದರು.

“ಅವ್ರು ಹೊಲಕ್ಕ ಹೋಗ್ಯಾರ್ರಿ. ಮಳಿ ಈಗ ಬಂದೈತಿ.”

ಮಾಸ್ತರರು ಹಲಗೆಯ ಕಡೆ ತಿರುಗಿದರು. ಮೊದಲು ಒಳಗೆ ಬಂದವಳು ನನ್ನ ಇಯತ್ತೆಯ ಹುಡುಗಿ. ಅವಳ ಕಾಲಿಗೆಲ್ಲ ಎರೆಮಣ್ಣು ಮೆತ್ತಿತ್ತು. ಹೊಸ್ತಿಲಲ್ಲಿ ನಿಂತು ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜಿಕೊಂಡು, ಆಮೇಲೆ ಬಂದು ನನ್ನ ಪಕ್ಕದಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂತಳು. ಅವಳ ಹಿಂದೆ ಉಳಿದವರು ಬಂದರು. ಅವ್ವ ಮತ್ತೆ ಹೋಗಿ ಮೊರ ಎತ್ತಿಕೊಂಡಳು. ಮಳೆ ನಿಂತ ಮೇಲೂ ಯಾರೂ ಅವರಿಗೆ ಹೊರಗೆ ಹೋಗಿರೆಂದು ಹೇಳಲಿಲ್ಲ. ಮರುದಿನ ಅವರು ನೇರವಾಗಿ ಒಳಗೇ ಬಂದರು.

ಆಯಿ ಮಾಸ್ತರರ ಮುಂದೆ ಮಾತಾಡುವವಳಲ್ಲ. ಮಳೆ ಬಂದ ದಿನವೇ ಸಂಜೆ ಅಪ್ಪ ಬಂದು ಕಾಲು ತೊಳೆದುಕೊಳ್ಳುವಾಗ ಎಲ್ಲವನ್ನೂ ಹೇಳಿದಳು. ತನ್ನ ಅತ್ತೆ, ಅವಳ ಅತ್ತೆ ಕಾಪಾಡಿಕೊಂಡು ಬಂದ ಮನೆ ಇದು ಎಂದಳು. ಅಪ್ಪನಿಗೂ ಸಿಟ್ಟು ಬಂದಿತ್ತು. ಆದರೆ ಅದು ಬೇರೆ ಬಗೆಯದು. ತಮ್ಮನ್ನು ಕೇಳದೆ ಅವ್ವ ಇಷ್ಟು ದೊಡ್ಡ ಕೆಲಸ ಮಾಡಿದಳಲ್ಲ ಎಂಬುದು. ಅದನ್ನೇ ಅವರು ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದರು.

ಅವ್ವ ಒಲೆಯ ಕಡೆ ಮುಖ ಮಾಡಿಯೇ ಉತ್ತರ ಕೊಟ್ಟಳು. “ಸಾಲಿ ಮನಿಗೆ ತರೂಮುಂದ ನೀವು ನನ್ನ ಕೇಳಿದ್ರೇನ್ರಿ?”

ಅಪ್ಪ ಅಲ್ಲಿಂದ ಹೊರಳಿದರು. ಆಮೇಲೆ ಆಯಿಯ ಹತ್ತಿರ ಹೋಗಿ ಕೂತು, “ಯವ್ವಾ, ಸಾಲಿ ಕರದು ತಂದಾಂವ ನಾನು. ಅರ್ಧಾ ಸಾಲಿ ಒಳಗ, ಅರ್ಧಾ ಮಳಿಯಾಗ ಇಡಾಕ ಬರೂದಿಲ್ಲ,” ಎಂದರು. ಅವರು ಅದನ್ನು ಮನಸಾರೆ ಹೇಳಿದರೋ, ಬೇರೆ ದಾರಿ ಕಾಣದೆ ಹೇಳಿದರೋ ನನಗೆ ಈಗಲೂ ತಿಳಿಯದು.

ಆಯಿ ಜಗಳ ಮಾಡಲಿಲ್ಲ. ಮರುದಿನ ಹಿತ್ತಲ ಕೋಣೆಯಲ್ಲಿ ತನ್ನದೇ ಒಂದು ಒಲೆ ಹೂಡಿದಳು. ದೇವರ ಪೂಜೆ ಮುಗಿಸಿ ಹಿಂಬಾಗಿಲಿನಿಂದ ಓಡಾಡುತ್ತಿದ್ದಳು. ಅವ್ವನ ಜತೆ ಮಾತು ಬಿಟ್ಟಳು. ಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳಿ ಕಳಿಸುವುದು ಶುರುವಾಯಿತು. ಅವ್ವ ಎದುರಿಗೇ ನಿಂತಿದ್ದರೂ, ಉಪ್ಪು ತೀರಿದೆ ಎಂದು ನಿಮ್ಮವ್ವನಿಗೆ ಹೇಳು ಎನ್ನುತ್ತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಉಪ್ಪಿನ ಗಡಿಗೆ ತಂದು ಇಟ್ಟಿರುತ್ತಿದ್ದಳು. ಜೋಳದ ಹಿಟ್ಟನ್ನು ಮೊದಲು ಆಯಿಗಾಗಿ ಬೀಸಿ, ಆಮೇಲೆ ನಮಗೆ ಬೀಸುತ್ತಿದ್ದಳು.

ನೀರಿನ ವಿಷಯ ಬಂದಾಗ ಅವ್ವ ಒಂದು ಉಪಾಯ ಮಾಡಿದಳು. ಪಡಸಾಲೆಯ ಮೂಲೆಯಲ್ಲಿ ಹರವಿ ಇಟ್ಟು, ಕುಡಿಯಲು ಬಂದವರ ಬೊಗಸೆಗೆ ತಾನೇ ಮೇಲಿನಿಂದ ಸುರಿಯುತ್ತಿದ್ದಳು. ನನಗೂ ಅಣ್ಣನಿಗೂ ಹಾಗೆಯೇ. ನಮ್ಮ ಮನೆಯಲ್ಲಿ ನಮಗೇ ತಂಬಿಗೆ ಕೊಡುವುದಿಲ್ಲವಲ್ಲ ಎಂದು ಅಣ್ಣ ಮುನಿಸಿಕೊಂಡ. ಶಾಲೆ ಬಿಟ್ಟ ಮೇಲೆ ಎಷ್ಟು ತಂಬಿಗೆ ಬೇಕಾದರೂ ಕುಡಿ ಎಂದಳು.

ಕೆಲವು ಮನೆಗಳವರು ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದರು. ಅವರಲ್ಲಿ ನಮ್ಮ ದೊಡ್ಡಪ್ಪನೂ ಒಬ್ಬರು. ಒಂದು ಸಂಜೆ ಅವರೂ ಇನ್ನಿಬ್ಬರು ಹಿರಿಯರೂ ಬಂದು ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ಕಳಿಸಿದಳು. ಕುಡಿಯಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿ, ಕುಡಿದರು. ಊರಿನ ನಡಾವಳಿಯನ್ನು ಒಂದು ಮನೆ ಮುರಿಯುವುದು ಸರಿಯಲ್ಲ ಎಂದು ದೊಡ್ಡಪ್ಪ ಸಾವಕಾಶವಾಗಿ ಹೇಳಿದರು. ಅಪ್ಪ ಕೇಳಿಸಿಕೊಂಡು, “ನಿಮ್ಮ ಪಡಸಾಲಿ ನಮ್ಮದಕ್ಕಿಂತ ದೊಡ್ಡದೈತಿ. ಅಲ್ಲಿ ನಡಸ್ತೀರಿ ಅಂದ್ರ ನಾಳೆನ ಹಲಗಿ ಹೊತ್ಕೊಂಡು ಬರ್ತೀನಿ. ನಿಮಗ ಹ್ಯಾಂಗ ಬೇಕೋ ಹಾಂಗ ಕೂಡಸ್ರಿ,” ಎಂದರು. ನಾಳೆಯೇ ತರಲು ಯಾರೂ ಹೇಳಲಿಲ್ಲ. ಮಾತು ಜೋಳದ ಬೆಳೆಯ ಕಡೆಗೆ ಹೊರಳಿತು.

ದೀಪಾವಳಿ ಮುಗಿದ ಮೇಲೆ, ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಈ ಸಲ ಬೇಗ ಬರುತ್ತಾರೆಂಬ ಸುದ್ದಿ ರೋಣದಿಂದ ಬಂತು. ನಾಲ್ಕನೆಯದು ಪಾಸಾಗದಿದ್ದರೆ ಮುಂದಿನ ಶಾಲೆಗೆ ಸೇರಿಸಿಕೊಳ್ಳುವುದಿಲ್ಲ. ನಾಲ್ಕನೆಯದರಲ್ಲಿದ್ದ ದೊಡ್ಡಪ್ಪನ ಮಗ ಮೊದಲು ಮರಳಿ ಬಂದ. ಎಲ್ಲರಿಂದ ದೂರ, ನೆಲದಡಿ ಕಾಳು ತುಂಬಿಡುವ ಹಗೇವಿನ ಬಾಯಿಯ ಹತ್ತಿರದ ಮೂಲೆಯಲ್ಲಿ ಕೂತ. ಅಲ್ಲಿ ಬೆಳಕು ಕಡಿಮೆ, ಹಲಗೆ ಕಾಣಿಸುವುದಿಲ್ಲ. ದಿನಕ್ಕೆ ಒಂದಿಷ್ಟು ಮುಂದೆ ಸರಿಯುತ್ತ ಬಂದು, ಕೊನೆಗೆ ಬಾಗಿಲ ಬೆಳಕಿಗೆ, ಉಳಿದವರ ನಡುವೆ ಬಂದು ಸೇರಿದ. ಅವನ ಹಿಂದೆ ಬೇರೆ ಮನೆಗಳ ಮಕ್ಕಳೂ ಬಂದರು. ಅದನ್ನು ಯಾರೂ ಯಾರ ಮುಂದೆಯೂ ಎತ್ತಿ ಆಡಲಿಲ್ಲ.

ನನ್ನ ಪಕ್ಕದ ಹುಡುಗಿ ಹೆಚ್ಚು ಮಾತಿನವಳಲ್ಲ. ಅಕ್ಷರ ನನ್ನಷ್ಟೇ ಅಂಕುಡೊಂಕು. ನಾವಿಬ್ಬರೂ ಭಾಗಾಕಾರದಲ್ಲಿ ಒಟ್ಟಿಗೆ ಬೈಸಿಕೊಳ್ಳುತ್ತಿದ್ದೆವು. ಅವಳಿಗೆ ಗಜ್ಜುಗ ಆಡಲು ಚೆನ್ನಾಗಿ ಬರುತ್ತಿತ್ತು. ಬಿಡುವಿನಲ್ಲಿ ಕಟ್ಟೆಯ ಮೇಲೆ ಆಡುತ್ತಿದ್ದೆವು. ಆಯಿ ಹಿಂಬಾಗಿಲಿನಿಂದ ಸುತ್ತಿಕೊಂಡು ಬಂದು ನೋಡಿದರೆ, ನಾನು ಎದ್ದು ಸ್ನಾನ ಮಾಡಿಯೇ ಒಳಗೆ ಹೋಗಬೇಕು. ಚಳಿಗಾಲದಲ್ಲಿ ಅದು ಕಷ್ಟವಾಗಿತ್ತು. ಆದರೂ ಆಟ ಬಿಡಲಿಲ್ಲ.

ಆ ನಡುವೆ ಆಯಿ ಚಕ್ಕಡಿ ಕಟ್ಟಿಸಿಕೊಂಡು ಇಟಗಿಯ ಗುಡಿಗೆ ಹೋಗಿ ಬಂದಳು. ಬಂದವಳೇ ಪ್ರಸಾದದ ಗಂಟು ಬಿಚ್ಚಿ, “ತಗೋ, ಮಕ್ಕಳಿಗೆ ಕೊಡು,” ಎಂದು ನೇರವಾಗಿ ಅವ್ವನ ಕೈಗೆ ಕೊಟ್ಟಳು. ಆಮೇಲೆ ಅವಳಿಗೆ ತಾನು ಮಾತಾಡಿದ್ದು ಗೊತ್ತಾಯಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ, ಹಾದಿಯಲ್ಲಿ ಧೂಳು ಬಹಳ ಎಂದು ಇನ್ನೊಂದು ಮಾತು ಸೇರಿಸಿದಳು. ಅಂದಿನಿಂದ ಅವರ ಮಾತು ಮೊದಲಿನಂತಾಯಿತು. ಹಿತ್ತಲ ಒಲೆ ಮಾತ್ರ ಉರಿಯುತ್ತಲೇ ಇತ್ತು.

ಮಾಘದಲ್ಲಿ ಹತ್ತಿ ಬಿಡಿಸಿ ತಂದರು. ಪಡಸಾಲೆಯ ಅರ್ಧಕ್ಕೆ ಹತ್ತಿ, ಅರ್ಧಕ್ಕೆ ಶಾಲೆ. ಸಣ್ಣವರು ಹತ್ತಿಯ ರಾಶಿಗೆ ಒರಗಿ ನಿದ್ದೆ ಹೋಗುತ್ತಿದ್ದರು. ಮಾಸ್ತರರ ಕೋಟಿಗೆಲ್ಲ ಅರಳೆ. ಇನ್ನು ಹೀಗೆ ನಡೆಯದೆಂದು ಅಪ್ಪ ಪಂಚಾಯತಿಯಲ್ಲಿ ಹೇಳಿದರು. ಸುಗ್ಗಿ ಮುಗಿದು ಎತ್ತುಗಳಿಗೆ ಬಿಡುವಾಗಿತ್ತು. ಚಕ್ಕಡಿಗಳು ಗಜೇಂದ್ರಗಡದ ಗುಡ್ಡದ ಕಡೆ ಹೋಗಿ ಕಲ್ಲು ತಂದವು. ಬಿದ್ದ ಕೋಣೆಯ ತೊಲೆಗಳಲ್ಲಿ ಗಟ್ಟಿಯಿದ್ದವನ್ನು ಆರಿಸಿಕೊಂಡರು. ಗಂಡಸರು ಗೋಡೆ ಏರಿಸಿದರು. ಹೆಂಗಸರು ಎರಡು ಸಾಲಾಗಿ ನಡೆದರು. ಬಾವಿಯಿಂದ ನೀರು ತರುವ ಸಾಲು ಒಂದು, ಕೆಸರು ಹೊರುವ ಹೊರಗೇರಿಯವರ ಸಾಲು ಇನ್ನೊಂದು. ಅವೆರಡೂ ಕೂಡಲಿಲ್ಲ. ಅವ್ವ ನೀರಿನ ಸಾಲಿನಲ್ಲಿದ್ದಳು.

ಮಳೆಗಾಲದ ಮೊದಲು ಶಾಲೆ ಹೊಸ ಕೋಣೆಗೆ ಹೋಯಿತು. ಮೊದಲ ದಿನ ಮಕ್ಕಳೆಲ್ಲ ಒಳಗೆ ನುಗ್ಗಿ, ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದ ಕ್ರಮದಲ್ಲೇ ಕೂತರು. ಹೊಸ ಕೋಣೆಯ ಮುಂದೆಯೂ ಕಟ್ಟೆ ಕಟ್ಟಿದ್ದರು. ಅದರ ಮೇಲೆ ಯಾರನ್ನೂ ಕೂಡಿಸಲಿಲ್ಲ. ಮಾಸ್ತರರು ಹಾಜರಿ ಕೂಗಿ ಪಾಠ ಶುರುಮಾಡಿದರು.

ಅದೇ ದಿನ ಮನೆಯಲ್ಲಿ ಆಯಿ ಗೋಮೂತ್ರ ಚಿಮುಕಿಸಿ, ಪಡಸಾಲೆಯನ್ನು ಪೂರಾ ಸಾರಿಸಬೇಕೆಂದಳು. ಅವ್ವ ಸೆಗಣಿ ಕಲಸಿಕೊಂಡು ಮೂಲೆಯಿಂದ ಮೂಲೆಗೆ ತಾನೇ ಸಾರಿಸಿದಳು. ನಾನು ಶಾಲೆಯಿಂದ ಬಂದು ನೋಡಿ, ನೀನು ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

“ಆಕಿಗೆ ಇದರಿಂದ ಸಮಾಧಾನ ಆಗ್ತೈತಿ ಅಂದ್ರ ಆಗ್ಲಿ. ನಮ್ಮ ಕೆಲಸ ಮುಗದೈತಿ,” ಎಂದು ಅವ್ವ ಕೈ ತೊಳೆದುಕೊಂಡಳು. ಆ ಸಂಜೆ ಆಯಿ ಒಳಗಿನ ಒಲೆಯ ಮುಂದೆ ಬಂದು ಕೂತು ನಮ್ಮ ಜತೆ ಉಂಡಳು.

ಅಣ್ಣ ಪಾಸಾಗಿ ನರಗುಂದದ ಸೋದರತ್ತೆಯ ಮನೆಗೆ ಹೋದ. ನಾನು ನಾಲ್ಕನೆಯದು ಮುಗಿಸಿ ಗಜೇಂದ್ರಗಡದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದೆ. ನನ್ನ ಪಕ್ಕದ ಹುಡುಗಿ ನಾಲ್ಕನೆಯದಕ್ಕೆ ಕೆಲವೇ ತಿಂಗಳು ಬಂದಳು. ಆಮೇಲೆ ತಾಯಿಯ ಜತೆ ಕಳೆ ತೆಗೆಯಲು ಹೋಗತೊಡಗಿದಳು. ಮಾಸ್ತರರು ಎರಡು ಸಲ ಕೇರಿಗೆ ಹೋಗಿ ಕೇಳಿ ಬಂದರು. ಅವ್ವನೂ ಅವಳ ತಾಯಿಗೆ ಹೊಲದ ಬದುವಿನಲ್ಲಿ ನಿಂತು ಹೇಳಿದಳಂತೆ. ಅದು ಆಗಲಿಲ್ಲ.

ಕೆಲವು ವರ್ಷಗಳ ಮೇಲೆ ಗಜೇಂದ್ರಗಡದ ಸಂತೆಯಲ್ಲಿ ಅವಳು ಕಂಡಳು. ಕಂಕುಳಲ್ಲಿ ಕೂಸಿತ್ತು. ಕೆಂಪು ಮೆಣಸಿನಕಾಯಿ ಆರಿಸುತ್ತಿದ್ದಳು. ಎಷ್ಟನೇ ಇಯತ್ತೆ ಎಂದು ಕೇಳಿದಳು, ಹೇಳಿದೆ. ನಿಮ್ಮವ್ವ ಆರಾಮ ಇದ್ದಾಳೆಯೇ ಎಂದು ಕೇಳಿದಳು, ಅದಕ್ಕೂ ಹೇಳಿದೆ. ನಾನು ಕೂಸಿನ ಗಲ್ಲ ಮುಟ್ಟಿದೆ. ಅದು ನನ್ನ ಬೆರಳು ಹಿಡಿದು ಬಿಡಲಿಲ್ಲ. ಅವಳ ಗಂಡನ ಊರಿನ ಚಕ್ಕಡಿ ಹೊರಡುವುದರಲ್ಲಿತ್ತು. ಅವಳು ಚೀಲದ ಬಾಯಿ ಕಟ್ಟಿ, ಕೂಸಿನ ಕೈ ಬಿಡಿಸಿಕೊಂಡು, ಹೋಗಿ ಬರುತ್ತೇನೆಂದು ಹೇಳಿ ಹೋದಳು.