ಕಿವಿ ಮೇಡಂ ಕೂರಲಿಲ್ಲ

"ಈ ಕುರ್ಚಿ ಯಾರು ತಂದಿಟ್ಟಿದ್ದು? ತೆಗೀರಿ ಆಚೆ! ನಾನೇನು ಇಲ್ಲಿ ಫೋಟೋ ತೆಗೆಸ್ಕೊಳ್ಳೋಕೆ ಬಂದಿದೀನಾ?"

"ನಾನೇ ಇಡಿಸಿದ್ದು ಮೇಡಂ. ಮಂಡಿ ಸವೆದು ಎಲುಬಿಗೆ ಎಲುಬು ತಾಗ್ತಿದೆ. ಎಕ್ಸ್-ರೇ ನಾನೂ ನೋಡಿದೀನಿ."

"ಮಂಡಿ ನಂದು. ನಿನ್ನ ಗಂಟೇನು ಹೋಯ್ತು?"

ನಿವೃತ್ತಿಯ ವಾರ ಅಂಗರಚನಾ ವಿಭಾಗದ ಪ್ರಯೋಗಾಲಯದಲ್ಲಿ ನಡೆದ ಜಗಳವಿದು. ಕೂಗಿದವರು ಈ ಅಭಿನಂದನ ಗ್ರಂಥದ ಗೌರವಕ್ಕೆ ಪಾತ್ರರಾದ ಹಿರಿಯ ಪ್ರಾಧ್ಯಾಪಕಿ. ಕೂಗಿಸಿಕೊಂಡವರು ಅವರ ಶಿಷ್ಯ, ಈಗಿನ ವಿಭಾಗ ಮುಖ್ಯಸ್ಥರು. ಮೃದ್ವಸ್ಥಿಯ, ಅಂದರೆ ಕಿವಿ, ಮೂಗು, ಕೀಲುಗಳಲ್ಲಿರುವ ಮೆತ್ತನೆಯ ಎಲುಬಿನ ವಿಷಯವನ್ನು ಮೇಡಂ ಅವರಷ್ಟು ಬಲ್ಲವರು ಕೆಲವರಿರಬಹುದು. ಬಲ್ಲದ್ದನ್ನು ಅಷ್ಟು ತಿಳಿಯಾಗಿ ದಾಟಿಸಿದವರು ಇಲ್ಲವೆಂದೇ ಹೇಳಬೇಕು.

ಹೊಸ ತಂಡದ ಮೊದಲ ಪಾಠದಲ್ಲಿ ಅವರು ಪುಸ್ತಕ ತೆರೆಯಲು ಬಿಡುತ್ತಿರಲಿಲ್ಲ. ಮೇಜುಗಳ ನಡುವೆ ಓಡಾಡುತ್ತ, "ಕಿವಿ ಮಡಚಿ ಬಿಡ್ರಪ್ಪಾ" ಎನ್ನುತ್ತಿದ್ದರು. ಸುಮ್ಮನೆ ಕೂತವರ ಕಿವಿಯನ್ನು ತಾವೇ ಮಡಚುತ್ತಿದ್ದರು. ಮತ್ತೆ ನೆಟ್ಟಗಾಯಿತೇ? ಅದು ಸ್ಥಿತಿಸ್ಥಾಪಕ ನಾರಿನ ಕೆಲಸ. ಇನ್ನು ಮೂಗು ಮುಟ್ಟಿ. ಇಲ್ಲಿಯ ನುಣುಪು ಬಗೆಯ ಮೃದ್ವಸ್ಥಿಯೇ ಕೀಲುಗಳಲ್ಲಿ ಎಲುಬಿನ ತುದಿಗೆ ಹೊದಿಕೆ. ಬೆನ್ನು ಬಗ್ಗಿಸಿ. ಅಲ್ಲಿ ಮೂಳೆಗಳ ನಡುವೆ ಭಾರ ಹೊರುವ ಬಿಲ್ಲೆಗಳಲ್ಲಿ ದಪ್ಪ ನಾರು. ಹೀಗೆ ಅವರಿಗೆ 'ಕಿವಿ ಮೇಡಂ' ಎಂಬ ಹೆಸರು ಅಂಟಿತು.

ಮುಖ್ಯಸ್ಥರು ವಿದ್ಯಾರ್ಥಿಯಾಗಿದ್ದಾಗ ಪರೀಕ್ಷೆಯಲ್ಲಿ ಕಿವಿಯ ಸ್ಲೈಡ್ ನೋಡಿ ಮೂಗಿನದೆಂದು ಬರೆದಿದ್ದರು. ಸ್ಲೈಡಿಗೆ ಹಾಕುವ ಸಾಮಾನ್ಯ ಬಣ್ಣದಲ್ಲಿ ಕಿವಿಯ ಸ್ಥಿತಿಸ್ಥಾಪಕ ನಾರು ಸರಿಯಾಗಿ ಕಾಣುವುದಿಲ್ಲ. "ಕಾಣದಿದ್ರೆ ಇಲ್ಲ ಅಂತಾನಾ, ಮಹಾರಾಯ?" ಎಂದು ಬೈದ ಮೇಡಂ ಅಂಕವನ್ನಂತೂ ಕೊಡಲಿಲ್ಲ. ಆದರೆ ರಜೆಯ ದಿನ ಪ್ರಯೋಗಾಲಯ ತೆರೆಸಿ, ಅದೇ ಕಿವಿಯ ಇನ್ನೊಂದು ತುಣುಕಿಗೆ ಬೇರೆ ಬಣ್ಣ ಹಾಕಿ ತೋರಿಸಿದರು. ಕಪ್ಪು ನಾರು ಬಲೆಯಂತೆ ಹರಡಿತ್ತು. ಶಿಷ್ಯ ಈ ವಿಷಯಕ್ಕೇ ಅಂಟಿಕೊಂಡದ್ದು ಅಂದೇ.

ಆ ಋಣಕ್ಕೇ ಅವರು ಆಡಳಿತ ಮಂಡಳಿಯ ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿ, ಮೇಡಂ ಅವರಿಗೆ ಇನ್ನೆರಡು ವರ್ಷ ಸೇವೆ ಗಿಟ್ಟಿಸಿದ್ದರು. ಷರತ್ತು ಒಂದೇ: ಕುರ್ಚಿಯಲ್ಲಿ ಕೂತು ಕ್ಯಾಮೆರಾಕ್ಕೆ ಪಾಠ ಹೇಳಬೇಕು.

"ನಿಮಗೆ ಎರಡು ವರ್ಷ ಬೇಡ್ವಾ ಮೇಡಂ?"

"ಬೇಕು ಕಣೋ. ಬೇಡ ಅಂದೋರ್ಯಾರು? ಆದ್ರೆ ಕೂತ್ಕೊಂಡು ಯಾರ ಕಿವಿ ಮಡಚಲಿ? ಕ್ಯಾಮೆರಾದ್ದಾ?"

"ಸವೆದದ್ದು ಮತ್ತೆ ಬೆಳೆಯಲ್ಲ, ಅದಕ್ಕೆ ರಕ್ತನಾಳ ಇಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು."

"ಅರ್ಧ ಪಾಠ ಕಲ್ತಿದೀಯ. ರಕ್ತನಾಳ ಇಲ್ದಿದ್ದಕ್ಕೆ ಊಟ ಎಲ್ಲಿಂದ? ನಡೆದಾಡಿ ಒತ್ತಿ ಬಿಟ್ಟಾಗ ಕೀಲಿನ ರಸ ಒಳಗೆ ಹೋಗ್ಬೇಕು. ಕೂತೇ ಇದ್ರೆ ಉಪವಾಸ."

ಇಬ್ಬರದ್ದೂ ನಿಜ. ಅದಕ್ಕೇ ಜಗಳ ಬಗೆಹರಿಯಲಿಲ್ಲ.

ಕೊನೆಯ ಪಾಠದ ದಿನವೂ ಕುರ್ಚಿ ಅಲ್ಲೇ ಇತ್ತು, ಎದುರಿಗೆ ಕ್ಯಾಮೆರಾ. ಮೇಡಂ ಕುಂಟುತ್ತ ಮೇಜಿನಿಂದ ಮೇಜಿಗೆ ನಡೆದರು. ಕೊನೆಗೆ ಮುಖ್ಯಸ್ಥರ ಮುಂದೆ ನಿಂತು, ಎಲ್ಲರೆದುರು ಅವರ ಕಿವಿ ಮಡಚಿ ಬಿಟ್ಟರು. ತರಗತಿ ಬಿದ್ದು ಬಿದ್ದು ನಕ್ಕಿತು. ಮುಖ್ಯಸ್ಥರಿಗೆ ನಗು ಬರಲಿಲ್ಲ, ಕಣ್ಣು ತುಂಬಿತು.

ಅವರ ಆಯುಷ್ಯ ಬೆಳೆಯಲಿ. ಕಾಲು ಒಯ್ದಲ್ಲೆಲ್ಲ ಪಾಠವೂ ನಡೆಯಲಿ. ಇದು ಅವರ ಕೈಯಲ್ಲಿ ಕಿವಿ ಮಡಚಿಸಿಕೊಂಡವರೆಲ್ಲರ ಹಾರೈಕೆ.

ಪಾಠ ಮುಗಿದಾಗ ಮೇಡಂ ಬಿಳಿ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. "ಇದನ್ನ ಕೂರಿಸ್ಕೋ" ಎಂದು ಶಿಷ್ಯನಿಗೆ ಹೇಳಿ ಬಾಗಿಲು ದಾಟಿದರು. ಕೋಟು ತೆಗೆದುಕೊಳ್ಳಲಿಕ್ಕಾದರೂ ಬಂದಾರೆಂದು ಮುಖ್ಯಸ್ಥರು ಕುರ್ಚಿಯನ್ನು ಇನ್ನೂ ಅಲ್ಲೇ ಇರಿಸಿದ್ದಾರೆ. ಮೇಡಂ ಬಂದಿಲ್ಲ.